ಅಮ್ಮ ಕೈಯಿಟ್ಟ ಪೈಪು

ನಾನು ನಲ್ಲಿ ರಿಪೇರಿಯವನು. ಮೂವತ್ತು ವರ್ಷದಿಂದ ಊರವರ ಸೋರುವ ಪೈಪುಗಳ ಬಾಯಿ ಮುಚ್ಚಿಸಿಕೊಂಡು ಬಂದಿದ್ದೇನೆ. ನನ್ನ ಕೆಲಸದಲ್ಲಿ ಯಾರಾದರೂ ಕೊಂಕು ತೆಗೆದರೆ ಮೈಯೆಲ್ಲ ಉರಿಯುತ್ತದೆ. ಹಾಗಾಗಿ ನಾನು ಮಾಡಿದ ದೊಡ್ಡ ತಪ್ಪನ್ನು ನಾನೇ ಹೇಳಿಬಿಡುವುದು ವಾಸಿ. ಹೆಂಡತಿ ಹೇಳಿದರೆ ಉಪ್ಪು ಖಾರ ಜಾಸ್ತಿಯಾಗುತ್ತದೆ.

ನಮ್ಮದು ಹಳೇ ಕಟ್ಟಡ, ನಾಲ್ಕು ಅಂತಸ್ತು, ಅಂತಸ್ತಿಗೊಂದು ಮನೆ. ತಾರಸಿಯ ಟ್ಯಾಂಕಿನಿಂದ ಒಂದೇ ಒಂದು ಕಬ್ಬಿಣದ ಪೈಪು ಎಲ್ಲ ಮನೆಗಳನ್ನೂ ಹಾದು ಕೆಳಗಿಳಿಯುತ್ತದೆ. ನಮ್ಮ ಮನೆಯಲ್ಲಿ ಅದು ಹಾದುಹೋಗುವುದು ಅಮ್ಮನ ಮಂಚದ ತಲೆದೆಸೆಯ ಮೂಲೆಯಲ್ಲಿ. ಸೊಂಟ ಮುರಿದು ಅಮ್ಮ ಹಾಸಿಗೆ ಹಿಡಿದು ಆರು ತಿಂಗಳಾಗಿತ್ತು. ಮೇಲೆ ಯಾರಾದರೂ ನಲ್ಲಿಯನ್ನು ಗಕ್ಕನೆ ನಿಲ್ಲಿಸಿದರೆ ಆ ಪೈಪು ಢಣ್ ಎನ್ನುತ್ತಿತ್ತು. ಕೆಳಗೆ ಯಾರಾದರೂ ಬಕೆಟ್ ಹಿಡಿದರೆ ಸುಂಯ್ ಎನ್ನುತ್ತಿತ್ತು. ಪಾಪ, ಮುದುಕಿಗೆ ಕಣ್ಣು ಮುಚ್ಚಲು ಬಿಡುವುದಿಲ್ಲವಲ್ಲ ಎಂದು ನನಗೆ ಸಂಕಟ.

ಒಂದು ಭಾನುವಾರ ಆ ಪೈಪಿಗೆ ದಪ್ಪ ರಬ್ಬರು ಸುತ್ತಿ, ಅಲ್ಲಾಡದಂತೆ ಗೋಡೆಗೆ ಬಿಗಿದು, ಸುತ್ತ ಹಲಗೆಯ ಪೆಟ್ಟಿಗೆ ಹೊಡೆದೆ. ಕೋಣೆ ಗಪ್‌ಚಿಪ್ ಆಯಿತು.

"ಹೇಗಿದೆ ಅಮ್ಮ?" ಎಂದೆ ಬೀಗುತ್ತ.

"ಚೆನ್ನಾಗಿದೆ ಕಣಪ್ಪ," ಎಂದು ಅಮ್ಮ ಆ ಕಡೆ ತಿರುಗಿ ಮಲಗಿದಳು.

ಆಮೇಲೆ ಊಟ ಬಿಡುತ್ತ ಬಂದಳು. ಮೊದಲು ಅರ್ಧ ತಟ್ಟೆ, ಆಮೇಲೆ ಎರಡು ತುತ್ತು, ಕೊನೆಗೆ ಬರೀ ಹಾಲು. ಡಾಕ್ಟರು ಬಂದು ನೋಡಿ, ಹೊರಬಾಗಿಲಲ್ಲಿ ನನ್ನ ಹೆಗಲ ಮೇಲೆ ಕೈಯಿಟ್ಟು, "ಹೊಸ ಕಾಯಿಲೆ ಏನೂ ಇಲ್ಲ. ಆದ್ರೆ ಹೀಗೇ ತಿನ್ನದೇ ಇದ್ರೆ ಬಹಳ ದಿನ ಉಳಿಯಲ್ಲ," ಎಂದರು. ಭಯವಾದಾಗ ನನಗೆ ಬರುವುದು ಸಿಟ್ಟೇ. ಒಳಗೆ ಹೋದವನೇ ಅಮ್ಮನ ಮೇಲೆ ಎಗರಾಡಿದೆ.

"ಬೈದ್ರೆ ಹಸಿವಾಗುತ್ತೇನ್ರೀ?" ಎಂದಳು ಹೆಂಡತಿ. "ಏನಾಗಿದೆ ಅಂತ ಅತ್ತೇನ ಕೂತ್ಕೊಂಡು ಕೇಳಿ, ನೆಟ್ಟಗೆ."

ಮಂಚದ ಪಕ್ಕ ಕೂತೆ. ಕೇಳಿದೆ.

"ದೇವರು ಹೋದ ಕಣೋ," ಎಂದಳು ಅಮ್ಮ.

ಅಮ್ಮ ದೇವರಿಗೆ ಕೈ ಮುಗಿದದ್ದನ್ನು ನಾನು ಎಷ್ಟೋ ವರ್ಷಗಳಿಂದ ಕಂಡವನಲ್ಲ. "ಯಾವ ದೇವರು? ಎಲ್ಲಿಗೆ ಹೋದ?"

ಅಮ್ಮ ಬೆರಳು ತೋರಿಸಿದ್ದು ನನ್ನ ಹಲಗೆ ಪೆಟ್ಟಿಗೆಯ ಕಡೆಗೆ.

"ಬೆಳಿಗ್ಗೆ ಮೇಲಿನ ಮೇಷ್ಟ್ರು ಸ್ನಾನಕ್ಕೆ ನಿಂತ್ರೆ ಕೆಳಗಿನ ಬಾಣಂತಿಗೆ ನೀರು ಸಣ್ಣಗಾಗುತ್ತೆ. ಅವಳು ಕಾಯ್ತಾಳೆ. ಅವರ ಮುಖ ಇವಳು ನೋಡಿಲ್ಲ, ಇವಳ ಮುಖ ಅವರು ನೋಡಿಲ್ಲ. ಪೈಪಿನ ಮೇಲೆ ಕೈ ಇಟ್ರೆ ಇಬ್ಬರೂ ನಂಗೆ ಸಿಗ್ತಿದ್ರು."

"ಅಯ್ಯೋ ಅಮ್ಮ, ಅದು ಪ್ರೆಷರ್ರು! ದೇವರಲ್ಲ."

"ನಿನ್ನ ಬಾಯಲ್ಲಿ ಪ್ರೆಷರ್ರು, ನನ್ನ ಬಾಯಲ್ಲಿ ದೇವರು. ಟ್ಯಾಂಕಿಗೆ ನೀರು ಎಲ್ಲಿಂದ ಬಂತು? ಹೊಳೆಯಿಂದ. ಹೊಳೆಗೆ? ಮೋಡದಿಂದ. ಮೋಡಕ್ಕೆ ಮೇಷ್ಟ್ರು ಒಣಗಿ ಹಾಕಿದ ಟವಲ್ಲಿಂದಾನೂ ಒಂದಿಷ್ಟು ಹೋಗಿರುತ್ತೆ. ಎಲ್ಲೂ ತುಂಡಾಗಿಲ್ಲ ಕಣೋ, ಎಲ್ಲಾ ಒಂದೇ. ಓಡಾಡ್ಕೊಂಡಿದ್ದಾಗ ಇದು ಹೊಳೀಲೇ ಇಲ್ಲ. ಬಿದ್ದ ಮೇಲೆ ಗೊತ್ತಾಯ್ತು, ನಾನೂ ಅದರೊಳಗೇ ಇದೀನಿ, ಸತ್ರೂ ಹೊರಗೆ ಹೋಗೋಕೆ ಜಾಗಾನೇ ಇಲ್ಲ ಅಂತ. ಭಯ ಬಿಟ್ಟು ಹೋಗಿತ್ತು. ನೀನು ಹಲಗೆ ಹೊಡೆದೆ, ವಾಪಸ್ ಬಂತು."

"ಅವತ್ತೇ ಬಾಯಿ ಬಿಟ್ಟು ಹೇಳಬಾರದಿತ್ತಾ?"

"ಅಷ್ಟು ಅಕ್ಕರೆಯಿಂದ ಮೊಳೆ ಹೊಡೀತಿದ್ದೆಯಲ್ಲೋ. ಹೇಗೆ ಹೇಳಲಿ?"

ಎದ್ದು ಸುತ್ತಿಗೆ ತಂದು ಹಲಗೆ ಕಿತ್ತೆ, ರಬ್ಬರು ಹರಿದೆ, ಬಿಗಿಯನ್ನೆಲ್ಲ ಸಡಿಲಿಸಿದೆ. ಮಂಚವನ್ನು ಮೂಲೆಗೆ ಇನ್ನೂ ಒತ್ತರಿಸಿ, ಅಮ್ಮನ ಕೈಯನ್ನು ಪೈಪಿನ ಮೇಲಿಟ್ಟೆ. ಸ್ವಲ್ಪ ಹೊತ್ತಿಗೆ ಢಣ್ ಎಂದಿತು.

"ಮೇಷ್ಟ್ರು!" ಅಮ್ಮನ ಮುಖ ಅರಳಿತು. "ಸ್ಕೂಲಿಂದ ಇಷ್ಟು ಬೇಗ ಯಾಕೆ ಬಂದ್ರೋ, ನೆಗಡಿ ಇರಬೇಕು."

ಹೆಂಡತಿ ತಟ್ಟೆ ತಂದಳು. ಅಮ್ಮ ಒಂದು ಕೈ ಪೈಪಿನ ಮೇಲಿಟ್ಟುಕೊಂಡೇ ನಾಲ್ಕು ತುತ್ತು ತಿಂದಳು. ಐದನೆಯದಕ್ಕೆ ಬಾಯಿ ತೆರೆಯುವ ಬದಲು ನನ್ನನ್ನು ದಿಟ್ಟಿಸಿದಳು.

"ಒಂದು ಮಾತು. ಮಿಕ್ಕ ಮೂರು ಮನೆ ನೀರೂ ನಂಗೆ ಗೊತ್ತು. ನಮ್ಮನೇದು ಮಾತ್ರ ಏಳು ತಿಂಗಳಲ್ಲಿ ಒಂದು ಸಲಾನೂ ಕೇಳಿಲ್ಲ. ನೀವಿಬ್ಬರೂ ಸ್ನಾನಗೀನ ಮಾಡ್ತೀರಾ ಇಲ್ವಾ?"

ನಾನು ಹೆಂಡತಿಯ ಮುಖ ನೋಡಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಮ್ಮನ ನಿದ್ದೆ ಕೆಡಬಾರದೆಂದು ಏಳು ತಿಂಗಳಿಂದ ನಾವು ಮನೆಯ ನಲ್ಲಿಗಳನ್ನು ಮುಟ್ಟಿರಲಿಲ್ಲ; ಪೆಟ್ಟಿಗೆ ಹೊಡೆದ ಮೇಲೂ ಆ ಅಭ್ಯಾಸ ಬಿಟ್ಟಿರಲಿಲ್ಲ. ಊರಿಗೆಲ್ಲ ನೀರು ಹರಿಸುವ ನಾನು ಕೆಳಗೆ ಬೀದಿಯ ನಲ್ಲಿಯಿಂದ ಎರಡು ಮಹಡಿ ಬಕೆಟ್ ಹೊರುತ್ತಿದ್ದೆ.

"ನಿಮ್ಮ ಮಗನ ಬುದ್ಧಿವಂತಿಕೆ ಅತ್ತೆ," ಎಂದಳು ಹೆಂಡತಿ. "ನನ್ನ ತೋಳೂ ಬಿದ್ದುಹೋಯ್ತು."

ಅಮ್ಮ ನಗಲಿಲ್ಲ. "ಎಲ್ಲರೂ ಸಿಕ್ಕಿದ್ರು, ನೀನೊಬ್ಬ ಸಿಗಲಿಲ್ಲ," ಎಂದಳು ಮೆಲ್ಲಗೆ.

ನಾನು ಅಡುಗೆಮನೆಗೆ ಹೋದೆ. ನಲ್ಲಿ ಬಿಗಿದುಕೊಂಡಿತ್ತು. ಎರಡೂ ಕೈ ಹಾಕಿ ತಿರುಗಿಸಿದೆ. ಅದು ಕೆಮ್ಮಿ, ಕೆಂಪು ನೀರು ಉಗುಳಿ, ಆಮೇಲೆ ಧಾರಾಕಾರವಾಗಿ ಸುರಿಯತೊಡಗಿತು.

"ಹಾಂ, ಬಂದೆಯಾ!" ಕೋಣೆಯಿಂದ ಅಮ್ಮನ ಕೂಗು. "ನಿಲ್ಲಿಸಬೇಡ ಕಣೋ, ಇನ್ನೊಂಚೂರು ಇರು."

ಬಕೆಟ್ ತುಂಬಿ ನೀರು ಕಾಲ ಮೇಲೆ ಹರಿಯುತ್ತಿತ್ತು. ನಾನು ನಲ್ಲಿ ನಿಲ್ಲಿಸಲಿಲ್ಲ.