ಎದೆಯವರೆಗಿನ ಫೋಟೋ

ಸೌದಿಯ ತಬೂಕಿನ ಸ್ಟುಡಿಯೊದಲ್ಲಿ ಇಕಾಮಾ ಎಂಬ ವಾಸದ ಪರವಾನಗಿಗೆ ಫೋಟೋ ತೆಗೆದು ತೆಗೆದು ಮೂಸಬ್ಬನಿಗೆ ಮನುಷ್ಯನೆಂದರೆ ಎದೆಯಿಂದ ಮೇಲೆ ಅಷ್ಟೇ ಎಂಬಂತಾಗಿತ್ತು. ಸ್ವಯಂಸೇವಕರ ಆಸ್ಪತ್ರೆಯವರು ಕರೆಸಿದಾಗ, ಯುದ್ಧದಲ್ಲಿ ಗಾಯಗೊಂಡು ಅಲ್ಲಿ ಚೇತರಿಸಿಕೊಳ್ಳುತ್ತಿದ್ದ ಸೈನಿಕನ ಫೋಟೋವನ್ನೂ ಹಾಗೆಯೇ ತೆಗೆದ. ತಾಯಿಗೆ ಕಳಿಸಬೇಕೆಂದು ಆತ ಗಡ್ಡ ಬಾಚಿಕೊಂಡು ಕೂತಿದ್ದ.

ಸ್ವಯಂಸೇವಕ ಅಫ್ರೀದ್ ಕ್ಯಾಮೆರಾದೊಳಗೆ ಇಣುಕಿ ಮುಖ ಸಿಂಡರಿಸಿದ. "ಎಂತ ಮೂಸಾಕ, ತುಂಡಾದ ಕಾಲೇ ಕಾಣುವುದಿಲ್ಲ! ಚಂದಾ ಎತ್ತುವ ಪೋಸ್ಟರಿಗೆ ಅದೇ ಬೇಕಾದದ್ದು," ಎನ್ನುತ್ತ ಸೈನಿಕನ ಹೊದಿಕೆಗೆ ಕೈಹಾಕಿದ.

ಕನ್ನಡ ಬಾರದ ಸೈನಿಕನಿಗೂ ಅರ್ಥವಾಯಿತು. ಹೊದಿಕೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದ.

ಮೂಸಬ್ಬನ ಪಿತ್ತ ನೆತ್ತಿಗೇರಿತು. "ಬಿಡು ಮಾರಾಯ! ಅವನ ಕಾಲು ಹೋದದ್ದು ಸಾಲದಾ? ಮಾನವೂ ಹೋಗಬೇಕಾ?"

"ಪೋಸ್ಟರಿಗೆ ಎಂತ ಹಾಕುವುದು ಮತ್ತೆ?" ಅಫ್ರೀದ್ ಇನ್ನೂ ಎಳೆಯುತ್ತಲೇ ಇದ್ದ.

ಮೂಸಬ್ಬ ಕ್ಯಾಮೆರಾ ಎತ್ತಿ, ಹೊದಿಕೆ ಎಳೆಯುವ ಆ ಕೈಯನ್ನೇ ಕ್ಲಿಕ್ಕಿಸಿದ.

"ತಕೋ, ಇದನ್ನು ಹಾಕು."