ಕಾಮನ ಬೆಂಕಿ ಬೇಡವೆಂದ ಮನೆ

ಕುಷ್ಟಗಿಯ ಆ ಓಣಿಯಲ್ಲಿ ಹೋಳಿಯ ನಸುಕಿಗೆ ಕಾಮನನ್ನು ಸುಟ್ಟ ಮೇಲೆ, ಓಣಿಯ ಹಿರಿಯಳು ಅದರ ಕೆಂಡವನ್ನು ಮನೆಮನೆಗೆ ಹಂಚಬೇಕು. ಅವತ್ತಿನ ಒಲೆ ಹೊತ್ತುವುದು ಆ ಕೆಂಡದಿಂದಲೇ. ಬೇಡ ಅಂದ ಮನೆ ಈವರೆಗೆ ಇಲ್ಲ. ಈ ಸಲ ಒಂದು ಮನೆ ಬೇಡ ಅನ್ನುತ್ತದೆಂದು ಆ ಹಿರಿಯಳಾದ ಯಮನೂರಮ್ಮನಿಗೆ ಮೊದಲೇ ಗೊತ್ತಿತ್ತು. ಶಿವರಾತ್ರಿಯಿಂದಲೂ ಅದನ್ನೇ ಎದೆಯಲ್ಲಿಟ್ಟು ಕಾವು ಕೊಟ್ಟಿದ್ದಳು.

ಮಗಳು ಲಲಿತಾ ಬಾಣಂತನಕ್ಕೆ ಬಂದಿದ್ದಳು. ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡಬೇಕು, ಎರೆದುಕೊಂಡ ಕೂಸಿಗೆ ಲೋಬಾನದ ಹೊಗೆ ಹಿಡಿಯಬೇಕು. ಆದರೆ ಯಮನೂರಮ್ಮ ಕಡ್ಡಿ ಗೀರಲಿಕ್ಕೇ ಅಂಜುತ್ತಿದ್ದಳು. ನಡುಗೋಡೆಯ ಆಚೆ ಗೌರೀಶ ಮನೆ ತುಂಬ ಸಿಲಿಂಡರ್ ಪೇರಿಸಿಕೊಂಡು, ಆಟೋಗಳಿಗೆ ಕದ್ದು ಗ್ಯಾಸ್ ತುಂಬುತ್ತಿದ್ದ. ಅದರ ವಾಸನೆ ತೊಟ್ಟಿಲವರೆಗೂ ಬರುತ್ತಿತ್ತು.

ಕೈಮುಗಿದು ಹೇಳಿದ್ದಳು. ಅವನು ಹಲ್ಲು ಕಿಸಿದಿದ್ದ.

"ಏನೂ ಆಗಂಗಿಲ್ಲ ದೊಡ್ಡವ್ವ. ಅಷ್ಟು ಅಂಜಿಕಿ ಇದ್ರ ನೀವ ಮನಿ ಬಿಡ್ರಿ. ಹೊಗಿ ಹಾಕಲಿಲ್ಲಂದ್ರ ಕೂಸೇನು ಕೊಳಿತೈತೇನು?"

ಅವಳು ದೂರು ಕೊಟ್ಟಾಗ, ನೋಡಲು ಬಂದ ಪೊಲೀಸರಿಗೆ ಗೌರೀಶ ಖಾಲಿ ಕೋಣೆ ತೋರಿಸಿ, ಚಹಾ ಕುಡಿಸಿ ಕಳಿಸಿದ್ದ. ಅವತ್ತು ಯಮನೂರಮ್ಮ ದೇವರ ಮುಂದೆ ಕೂತು ಬೇಡಿದ್ದು ಶಾಂತಿಯನ್ನಲ್ಲ. "ಹಣಿಗಣ್ಣಿನ ನಮ್ಮಪ್ಪಾ, ಅವನ ಬಾಯಿಲೇ ಹೇಳಸು. ಓಣಿ ಮಂದೆಲ್ಲ ಕೇಳಲಿ."

ಹೋಳಿಯ ಹಿಂದಿನ ಸಂಜೆ, ಗದ್ದಲಕ್ಕೆ ಕೂಸು ಬೆಚ್ಚುತ್ತದೆಂದು ಮಗಳನ್ನೂ ಕೂಸನ್ನೂ ತನ್ನ ತಂಗಿಯ ಮನೆಗೆ ಕಳಿಸಿದಳು. ನಸುಕಿಗೆ ಕಾಮನನ್ನು ಸುಟ್ಟರು. ಉಳಿದೆಲ್ಲರಿಗೂ ಕೆಂಡ ಕೊಟ್ಟಾದ ಮೇಲೆ ಯಮನೂರಮ್ಮ ಮನೆಯೊಳಗೆ ಹೋಗಿ, ಬೂದಿ ಮುಚ್ಚಿದ ತನ್ನ ಅಗ್ಗಿಷ್ಟಿಕೆಯನ್ನು ಹೊತ್ತು ತಂದಳು. ಹಿಂದೆ ಹಲಗೆ ಬಡಿಯುವ ಮಂದಿ, ಪಕ್ಕದಲ್ಲಿ ಓಣಿಯ ಹಿರಿಯ ಹುಚ್ಚೀರಪ್ಪ.

"ಬೆಂಕಿ ತಗೋಳಪಾ ಗೌರೀಶ."

ಬಾಗಿಲು ತೆರೆದವನ ಮುಖ ಬಿಳಿಚಿತು. "ಅಲ್ಲೇ ನಿಲ್ರಿ ದೊಡ್ಡವ್ವ! ನಮಗ ಬ್ಯಾಡ."

"ಕಾಮನ ಬೆಂಕಿ ಬ್ಯಾಡ ಅಂತೀಯಲ್ಲೋ, ತಲಿ ಸರಿ ಐತಿಲ್ಲೋ?" ಅಂದ ಹುಚ್ಚೀರಪ್ಪ.

ಯಮನೂರಮ್ಮ ಇನ್ನಷ್ಟು ಹತ್ತಿರ ಬಂದಳು. "ಯಾಕ ಬ್ಯಾಡ? ಹೇಳಿಬಿಡು, ಹೊಳ್ಳಿ ಹೋಗ್ತೀನಿ."

ಗೌರೀಶ ಮೆಟ್ಟಿಲಿಳಿದು ಓಡಿಬಂದು ಅವಳ ಕಾಲು ಹಿಡಿದ. "ಒಳಗ ಗ್ಯಾಸ್ ಐತ್ರಿ! ಮನಿ ತುಂಬ ಐತಿ! ಒಂದು ಕಿಡಿ ಬಿದ್ರ ಎಲ್ಲಾರೂ ಹೋಗ್ತೀವ್ರಿ!"

ಹಲಗೆ ನಿಂತಿತು.

"ಎಲ್ಲಾರೂ ಅಂದ್ರ ನನ್ನ ಮೊಮ್ಮಗನೂ ಬಂದನಲ್ಲೋ," ಅಂದಳು ಯಮನೂರಮ್ಮ, ಮೆಲ್ಲಗೆ.

ಹುಚ್ಚೀರಪ್ಪ ಪೊಲೀಸರಿಗೆ ಫೋನ್ ಹಚ್ಚಿದ. ಅವರು ಬರುವವರೆಗೆ ಗೌರೀಶ ಒಂದೊಂದೇ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಬಯಲಿಗೆ ಸಾಗಿಸಿದ. ಯಾರೂ ನೆರವಿಗೆ ಬರಲಿಲ್ಲ. ಕಾಮನಿಗಾಗಿ ಬಾಯಿ ಬಡಿದುಕೊಳ್ಳಬೇಕಾದ ಹುಡುಗರು ಅವನ ಹಿಂದೆಯೇ ಲಬೋ ಲಬೋ ಎನ್ನುತ್ತ ನಡೆದರು. ಯಮನೂರಮ್ಮ ಎದುರಿನ ಕಟ್ಟೆಯ ಮೇಲೆ, ಅಗ್ಗಿಷ್ಟಿಕೆಯನ್ನು ಮಡಿಲಲ್ಲಿಟ್ಟುಕೊಂಡು ಪುರಾಣ ಕೇಳುವವಳಂತೆ ಕೂತು ನೋಡಿದಳು.

ಕಡೆಯ ಸಿಲಿಂಡರ್ ಹೊರಬಿದ್ದ ಮೇಲೆ ಎದ್ದು, ಅಗ್ಗಿಷ್ಟಿಕೆಯನ್ನು ಅವನ ಹೊಸ್ತಿಲ ಮೇಲೆ ಬೋರಲು ಹಾಕಿದಳು. ತಣ್ಣನೆ ಬೂದಿ ಸುರಿಯಿತು.

ಗೌರೀಶ ಬೆವರು ಒರೆಸುವುದನ್ನೂ ಮರೆತ. "ಬೆಂಕಿ ಎಲ್ಲೈತ್ರಿ ಇದರಾಗ?"

"ನಿನ್ನಿ ಒಲಿ ಬೂದಿ ಅದು. ಗ್ಯಾಸ್ ತುಂಬಿದ ಮನಿಗೆ ಬೆಂಕಿ ತರಾಕ ನಾನೇನು ಗೌರೀಶ ಅದೀನೇನು?"

ಆಮೇಲೆ ಕಾಮನನ್ನು ಸುಟ್ಟಲ್ಲಿ ಉಳಿದಿದ್ದ ಕೆಂಡವನ್ನೆಲ್ಲ ಬಾಚಿ ತುಂಬಿಕೊಂಡಳು. ಅವನ ಒಲೆಗೆಂದು ಒಂದು ಕಿಡಿಯನ್ನೂ ಬಿಡಲಿಲ್ಲ. ಅದು ಪಾಪವಾದರೆ ಶಿವನೇ ನೋಡಿಕೊಳ್ಳಲಿ ಅಂದುಕೊಂಡಳು.

ಸಂಜೆ ತಾಯಿಯೊಡನೆ ಮನೆಗೆ ಮರಳಿದ ಕೂಸು ಲೋಬಾನದ ಹೊಗೆಯಲ್ಲಿ ಮೂಗು ಅರಳಿಸಿ, ಗಟ್ಟಿಯಾಗಿ ಸೀನಿತು.