ಇರ್ಮಾ ಅಮ್ಮನ ಬರಿಗಾಲು

ನಮ್ಮ ಚರ್ಚು ಈಗಿರುವ ಕಟ್ಟಡ ಮೊದಲು ಕಾರ್ಪೆಟ್ ಅಂಗಡಿಯಾಗಿತ್ತು. ಹಳೆಯ ಕಟ್ಟಡದಲ್ಲಿ ಗಂಟೆ, ಬಣ್ಣದ ಗಾಜು, ಬೆನ್ನು ನೋಯಿಸುವ ಬೆಂಚು ಎಲ್ಲ ಇದ್ದವು. ಇಲ್ಲಿ ಕಪ್ಪು ಗೋಡೆ, ಹೊಗೆ ಬಿಡುವ ಯಂತ್ರ, ಬಾಗಿಲಲ್ಲೇ ಕಾಫಿ. ಜನ ಹೆದರಬಾರದೆಂದು ಹೆಸರಿನಿಂದ 'ಚರ್ಚು' ಎನ್ನುವ ಪದವನ್ನೂ ತೆಗೆದುಹಾಕಿದ್ದಾರೆ. ಹೊಸಬರೊಬ್ಬರು ಬಂದು ಕಾಫಿ ಕುಡಿದು, ಎರಡು ಹಾಡು ಕೇಳಿ, ಟಿಕೆಟ್ ಎಲ್ಲಿ ತಗೊಳ್ಳಬೇಕಿತ್ತು ಎಂದು ವಿಚಾರಿಸಿದ್ದೂ ಉಂಟು.

ನಾನು ಲೈಲ್ ಹಾಸ್ಟೆಟ್ಲರ್. ವಾರದಲ್ಲಿ ಆರು ದಿನ ಜನರ ನೆಲಮಾಳಿಗೆಗಳಿಗೆ ಇಳಿದು ಮನೆ ಬೆಚ್ಚಗಿಡುವ ಫರ್ನೇಸ್ ರಿಪೇರಿ ಮಾಡುತ್ತೇನೆ. ಇಂಡಿಯಾನಾದ ಚಳಿಯ ದಯೆಯಿಂದ ಕೆಲಸಕ್ಕೆ ಬರವಿಲ್ಲ. ಏಳನೆಯ ದಿನ ಚರ್ಚಿನ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ, ಮೂವತ್ತೊಂದು ವರ್ಷದಿಂದ. ನಾಲ್ಕು ದಪ್ಪ ತಂತಿಯ ಆ ವಾದ್ಯ ಇದ್ದಾಗ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲದಾಗ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ ಎಂದು ನಾವು ಬೇಸಿನವರು ನಮ್ಮ ನಮ್ಮಲ್ಲೇ ಹೇಳಿಕೊಂಡು ಸಮಾಧಾನಪಡುತ್ತೇವೆ. ಅದೂ ಸುಳ್ಳೆಂದು ಈ ವರ್ಷ ತಿಳಿಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ನಾಚಿಕೆಯಾದೀತು. ನನಗೆ ಪ್ರಾರ್ಥನೆ ಬಾಯಲ್ಲಿ ಬರುವುದಿಲ್ಲ. ಊಟದ ಮುಂದೆ ನಾಲ್ಕು ಮಾತು ಹೇಳು ಎಂದರೂ ತಡವರಿಸುತ್ತೇನೆ, ಆಲೂಗಡ್ಡೆ ಆರಿಹೋಗುತ್ತದೆ. ಬೇಸ್ ಹಿಡಿದಾಗ ಮಾತ್ರ ಬರುತ್ತದೆ. ಕೊನೆಯ ಹಾಡಿನ ಕೊನೆಯ ಸ್ವರವನ್ನು ಪಾದ್ರಿಗಳು 'ಆಮೆನ್' ಅನ್ನುವವರೆಗೂ ಎಳೆಯುವುದು ನನ್ನ ಚಾಳಿ. ನಾನು ದೇವರಿಗೆ ಹೇಳಬೇಕಾದದ್ದೆಲ್ಲ ಆ ಒಂದು ಸ್ವರದಲ್ಲಿರುತ್ತದೆ.

ಎರಡು ವರ್ಷದ ಹಿಂದೆ ಹಾಡಿನ ಮುಖಂಡನಾಗಿ ಕೋಲ್ಟನ್ ಬಂದ. ಇಪ್ಪತ್ತಾರು ವಯಸ್ಸು, ಮನೆಯೊಳಗೂ ತೆಗೆಯದ ಅಗಲ ಟೋಪಿ, ಉಸಿರಾಡಲು ಜಾಗವಿಲ್ಲದ ಪ್ಯಾಂಟು. ಹುಡುಗ ಕೆಟ್ಟವನಲ್ಲ. ಕಣ್ಣು ಮುಚ್ಚಿ ಹಾಡುತ್ತಾನೆ, ಕ್ಯಾಮೆರಾ ಯಾವ ಕಡೆ ಇದೆಯೆಂದು ಮಾತ್ರ ಕಣ್ಣು ಮುಚ್ಚಿಯೂ ತಿಳಿದಿರುತ್ತದೆ. ಅವನ ಜೊತೆ ಒಂದು ಕಂಪ್ಯೂಟರೂ ಬಂತು. ನಮ್ಮಲ್ಲಿಲ್ಲದ ಪಿಟೀಲು, ತುತ್ತೂರಿ, ಮೂವತ್ತು ಜನರ ಕೋರಸ್ ಎಲ್ಲ ಅದರಿಂದಲೇ ಬರತೊಡಗಿದವು. ನಾವು ಐದು ಜನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಅದರೊಳಗಿನ ಟಕ್ ಟಕ್ ಸದ್ದಿಗೆ ಸರಿಯಾಗಿ ನುಡಿಸಬೇಕು. ಆ ಇಯರ್‌ಫೋನಿನಲ್ಲಿ ಪ್ರತಿಯೊಬ್ಬನಿಗೂ ಅವನ ವಾದ್ಯವೇ ಜೋರಾಗಿ ಕೇಳುತ್ತದೆ. ಸಭೆಗೆ ಏನು ಕೇಳುತ್ತಿದೆಯೆಂಬುದು ಹಿಂದೆ ಎಲ್ಲರ ಸದ್ದನ್ನೂ ಏರಿಸಿ ಇಳಿಸುವ ಮಿಕ್ಸರ್ ಮುಂದೆ ಕೂತ ನೀಲ್‌ಗೆ ಬಿಟ್ಟರೆ ಇನ್ನಾರಿಗೂ ಗೊತ್ತಿರುವುದಿಲ್ಲ. ನೀಲ್ ನನ್ನ ಶಾಲೆಯ ದಿನಗಳ ಗೆಳೆಯ. ಅವನ ಮನೆಯ ಫರ್ನೇಸನ್ನು ನಾನು ಕ್ರಿಸ್‌ಮಸ್ ದಿನ ಟರ್ಕಿ ಕೋಳಿಯ ಊಟ ಬಿಟ್ಟು ಹೋಗಿ ರಿಪೇರಿ ಮಾಡಿದ್ದೇನೆ. ಈ ವಿಷಯವನ್ನು ಸುಮ್ಮನೆ ಹೇಳುತ್ತಿಲ್ಲ.

ಕಳೆದ ಡಿಸೆಂಬರಿನಲ್ಲಿ ಕೋಲ್ಟನ್ ಹೆಗಲ ಮೇಲೆ ಕೈ ಹಾಕಿದ. ಅವನು ಹೆಗಲ ಮೇಲೆ ಕೈ ಹಾಕಿದನೆಂದರೆ ಏನೋ ಕೆಲಸ ಬಂತೆಂದೇ ಅರ್ಥ.

"ಬ್ರದರ್ ಲೈಲ್, ನಿಮ್ಮನೇಲಿ ರೆಕಾರ್ಡಿಂಗ್ ಮಾಡ್ತೀರಂತೆ? ಸೂಪರ್! ನಮ್ಮ ಇಪ್ಪತ್ತೆರಡು ಹಾಡಿಗೂ ಬೇಸ್ ರೆಕಾರ್ಡ್ ಮಾಡಿ ಕೊಟ್ಬಿಡಿ. ನಿಮಗೆ ಜ್ವರಗಿರ ಬಂದ್ರೆ ಇರ್ಲಿ ಅಂತ."

"ಮೂವತ್ತೊಂದು ವರ್ಷದಲ್ಲಿ ಎರಡೇ ಸಲ ಜ್ವರ ಬಂದಿರೋದಪ್ಪ ನನಗೆ."

"ದೇವ್ರು ದೊಡ್ಡವನು ಬ್ರದರ್. ಆದ್ರೂ ಇರ್ಲಿ."

ನನಗೆ ಹೆಮ್ಮೆಯಾಯಿತು. ಈಗ ಒಪ್ಪಿಕೊಳ್ಳುತ್ತೇನೆ, ಬೆಣ್ಣೆ ಹಚ್ಚಿಸಿಕೊಂಡು ಮನೆಗೆ ಬಂದೆ.

ನನ್ನ ಸ್ಟುಡಿಯೋ ಎಂದರೆ ಬಟ್ಟೆ ಒಗೆಯುವ ಕೋಣೆ. ಕಿಟಕಿಯಿಲ್ಲ, ಮೂರು ಕಡೆ ಕೋಟುಗಳನ್ನು ತೂಗುಹಾಕಿದರೆ ಸದ್ದು ಗೋಡೆಗೆ ಬಡಿದು ವಾಪಸು ಬರುವುದಿಲ್ಲ. ಬೇಸನ್ನು ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸುವುದೇ ಈಗಿನ ಪದ್ಧತಿ, ಆದರೆ ನಾನು ಹಳೆಯ ಕಾಲದವನು. ಹಳೆಯ ಸ್ಪೀಕರಿನ ಮುಂದೆ ಮೈಕ್ ಇಟ್ಟೇ ಆಗಬೇಕು. ತೊಂದರೆಯೆಂದರೆ ಆ ಮೈಕಿಗೆ ಪಕ್ಕದ ಬಟ್ಟೆ ಒಣಗಿಸುವ ಡ್ರೈಯರೂ ಕೇಳುತ್ತದೆ. ಹೀಗಾಗಿ ನಾನು ಕೆಲಸಕ್ಕೆ ರಜೆ ಹಾಕಿ ಕೂತ ಜನವರಿಯ ಶನಿವಾರಗಳಲ್ಲಿ ನಮ್ಮ ಮನೆಯಲ್ಲಿ ಬಟ್ಟೆ ಒಣಗಲಿಲ್ಲ.

"ಇದೊಂದೇ ಒಂದು ಸಲ ರೋಂಡಾ, ಆಮೇಲೆ ಡ್ರೈಯರ್ ಹಾಕ್ಕೋ," ಎನ್ನುತ್ತಿದ್ದೆ ಹೆಂಡತಿಗೆ.

"ಬೆಳಿಗ್ಗೆಯಿಂದ ಒಂದೇ ಒಂದು ಸಲ ಅಂತಿದ್ದೀಯ. ಒದ್ದೆ ಟವೆಲಲ್ಲಿ ಮುಖ ಒರೆಸ್ಕೊಂಡು ಸ್ತೋತ್ರ ಹೇಳ್ಲಾ ನಾನು?"

ಒಂದು ಹಾಡನ್ನಂತೂ ನಲವತ್ತೇಳು ಸಲ ನುಡಿಸಿದೆ. ಚರ್ಚಿನಲ್ಲಿ ತಪ್ಪಿದರೆ ತಪ್ಪಿತು, ಹಾಡು ಮುಂದೆ ಹೋಗಿರುತ್ತದೆ. ಮನೆಯಲ್ಲಿ ಹಾಗಲ್ಲ, ತಪ್ಪನ್ನು ಕತ್ತರಿಸಬಹುದು, ತಡವಾದ ಸ್ವರವನ್ನು ಇಲಿಯಿಂದ ಹಿಡಿದು ಮುಂದಕ್ಕೆ ಜಗ್ಗಬಹುದು, ಕಂಪ್ಯೂಟರಿನ ಇಲಿ ಅದಕ್ಕೇ ಇದೆ. ಎಲ್ಲ ತಪ್ಪು ತೆಗೆದೆ. ಕೊನೆಯ ಸ್ವರ ಎಳೆಯುವ ಚಾಳಿಯನ್ನೂ ಲೆಕ್ಕಕ್ಕೆ ಸರಿಯಾಗಿ ನಾಲ್ಕನೆಯ ಟಕ್‌ಗೆ ಕತ್ತರಿಸಿದೆ. ಅಷ್ಟು ಚೊಕ್ಕಟವಾಗಿ ನನ್ನ ಗುಂಡಿಯನ್ನು ನಾನೇ ತೋಡಿಕೊಂಡೆ.

ರೆಕಾರ್ಡಿಂಗ್ ಕೊಟ್ಟ ಮೊದಲ ಭಾನುವಾರವೇ ಯಾರದೋ ಮನೆಯ ಫರ್ನೇಸ್ ಕೆಟ್ಟು, ನಾನು ಚರ್ಚಿಗೆ ಬರುವಷ್ಟರಲ್ಲಿ ಹಾಡುಗಳೆಲ್ಲ ಮುಗಿದಿದ್ದವು. ಪಾದ್ರಿಗಳು ಬಾಗಿಲಲ್ಲೇ ನನ್ನ ಬೆನ್ನು ತಟ್ಟಿದರು.

"ಲೈಲ್, ಇವತ್ತು ನಿನ್ನ ಬೇಸ್ ಅಂದ್ರೆ ಬೇಸ್!"

ನನ್ನ ಕೈಯಲ್ಲಿ ಆಗ ಸ್ಪ್ಯಾನರ್ ಇತ್ತು. ಅವರು ಒಳ್ಳೆಯ ಮನುಷ್ಯ, ಗಮನಿಸಲಿಲ್ಲ.

ಮುಂದಿನ ವಾರದಿಂದ ನಾನು ಎಂದಿನಂತೆ ನುಡಿಸಿದೆ. ಒಂಬತ್ತು ಭಾನುವಾರ ಹಾಗೇ ಕಳೆದವು. ಮಾರ್ಚ್ ಕೊನೆಯಲ್ಲಿ ಒಂದು ದಿನ ಆರಾಧನೆ ಮುಗಿದ ಮೇಲೆ ಇರ್ಮಾ ಅಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದರು.

ಇರ್ಮಾ ಯೋಡರ್ ಅವರಿಗೆ ಎಂಬತ್ತನಾಲ್ಕು. ಮುಖ್ಯರಸ್ತೆಯಲ್ಲಿ ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿಯನ್ನು ನಲವತ್ತು ವರ್ಷ ನಡೆಸಿದವರು. ಕಿವಿ ಅಲ್ಲೇ ಹೋಯಿತು. ಕಿವಿ ಹೋದ ಮೇಲೂ ಯಾವ ಯಂತ್ರ ಕೆಡುತ್ತಿದೆಯೆಂದು ನೆಲದ ಮೇಲೆ ಕಾಲಿಟ್ಟೇ ಹೇಳುತ್ತಿದ್ದರು. ಚರ್ಚಿನಲ್ಲಿ ಮೊದಲ ಸಾಲಿನಲ್ಲಿ ಕೂತು, ಬೂಟು ಬಿಚ್ಚಿ, ತಗ್ಗು ಸ್ವರಗಳನ್ನು ಮಾತ್ರ ಗುಡುಗಿಸುವ, ವೇದಿಕೆಯ ಬುಡದ ಸಬ್‌ವೂಫರ್ ಪೆಟ್ಟಿಗೆಗೆ ಎರಡೂ ಪಾದ ಒತ್ತಿಡುತ್ತಾರೆ. ಅವರಿಗೆ ತಲುಪುವ ಸಂಗೀತವೆಂದರೆ ನನ್ನ ಬೇಸ್ ಒಂದೇ. ನಾವೇನಾದರೂ ಹೇಳಬೇಕಾದರೆ ಅವರ ಪುಟ್ಟ ಪುಸ್ತಕದಲ್ಲಿ ಬರೆದು ತೋರಿಸಬೇಕು. ಅವರು ಮಾತ್ರ ಬಾಯಿಬಿಟ್ಟೇ ಹೇಳುತ್ತಾರೆ, ಪಾರ್ಕಿಂಗ್ ಜಾಗದವರೆಗೂ ಕೇಳುವ ಹಾಗೆ.

"ಲೈಲ್, ನೀನೂ ರೋಂಡಾನೂ ಜಗಳ ಆಡಿದ್ದೀರಾ?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ಮತ್ತೆ ಎರಡು ತಿಂಗಳಿಂದ ಏನಾಗಿದೆ ನಿನಗೆ? ಒಂದೂ ತಪ್ಪು ಇಲ್ಲ. ಕೊನೇಲಿ ಎಳೀತಾನೂ ಇಲ್ಲ, ಪಟ್ ಅಂತ ನಿಲ್ಲಿಸ್ತೀಯ. ಯಾರೋ ಬ್ಯಾಂಕಿನವನು ನುಡಿಸ್ದಂಗಿದೆ."

ನಾನು ಪುಸ್ತಕದಲ್ಲಿ ಬರೆದೆ: 'ನಾನು ಎಳೆಯುತ್ತಲೇ ಇದ್ದೇನೆ.'

ಅವರು ಓದಿದರು, ನನ್ನನ್ನು ನೋಡಿದರು. "ನನ್ನ ಕಾಲು ಇನ್ನೂ ಕಿವುಡಾಗಿಲ್ಲಪ್ಪ," ಎಂದರು.

ಮುಂದಿನ ಭಾನುವಾರ ಎರಡನೆಯ ಹಾಡಿನ ನಡುವೆ ನಾನು ಒಂದು ಕಿವಿಯ ಇಯರ್‌ಫೋನ್ ಕಿತ್ತು ತಂತಿಗಳಿಂದ ಕೈ ತೆಗೆದೆ. ಬೇಸ್ ನಿಲ್ಲಲಿಲ್ಲ. ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು, ಕಾಗದ ಬಿಚ್ಚಿ, ಬಾಯಿಗೆ ಹಾಕಿಕೊಂಡೆ. ಬೇಸ್ ಅಷ್ಟೇ ಶ್ರದ್ಧೆಯಿಂದ ನಡೆಯುತ್ತಿತ್ತು, ಒಂದು ತಪ್ಪಿಲ್ಲ. ಬಟ್ಟೆ ಕೋಣೆಯ ನಲವತ್ತೇಳನೆಯ ಪ್ರಯತ್ನ ಅದು, ಕೇಳಿದ ಕೂಡಲೇ ಗುರುತು ಸಿಕ್ಕಿತು. ಸಭೆಯಲ್ಲಿ ಆರುನೂರು ಜನ ಕೈ ಎತ್ತಿ ಹಾಡುತ್ತಿದ್ದರು. ನಾನು ವೇದಿಕೆಯ ಮೇಲೆ ನಿಂತು ಪೆಪ್ಪರ್‌ಮಿಂಟ್ ಚೀಪುತ್ತಿದ್ದೆ.

ಆರಾಧನೆ ಮುಗಿದ ಕೂಡಲೇ ಮಿಕ್ಸರ್ ಹತ್ತಿರ ಹೋದೆ. ನೀಲ್ ತಂತಿ ಸುತ್ತುವುದರಲ್ಲಿ ಮುಳುಗಿಹೋದ, ಆ ತಂತಿಯನ್ನು ಆಗಲೇ ಸುತ್ತಿಯಾಗಿತ್ತು.

"ಎಷ್ಟು ದಿನದಿಂದ್ಲೋ?"

"ಬಯ್ಬೇಡ ಮಾರಾಯ. ನೀನು ಲೇಟಾಗಿ ಬಂದ್ಯಲ್ಲ, ಆ ವಾರ ಹಾಕಿದ್ವಿ. ಪಾದ್ರಿಗಳು ತುಂಬಾ ಮೆಚ್ಕೊಂಡ್ರು. ಆಮೇಲೆ ತೆಗೆಯೋಕೆ ಮನಸ್ಸೇ ಬರ್ಲಿಲ್ಲ."

"ನನ್ನ ತೆಗೆಯೋಕೆ ಮನಸ್ಸು ಬಂತು?"

ಅಷ್ಟರಲ್ಲಿ ಕೋಲ್ಟನ್ ಬಂದು ಹೆಗಲ ಮೇಲೆ ಕೈ ಹಾಕಿದ. "ಬ್ರದರ್, ನಿಮ್ಮನ್ನ ಯಾರು ತೆಗೆದ್ರು? ಅದೂ ನೀವೇ ಅಲ್ವಾ! ಜನಕ್ಕೆ ಕೇಳಿಸ್ತಿರೋದು ನಿಮ್ಮ ಬೆಸ್ಟೇ. ಜೊತೆಗೆ ವೇದಿಕೆ ಮೇಲೂ ಇದ್ದೀರಿ. ನೀವು ಅಲ್ಲಿ ನಿಂತ್ರೆ ಹಿರಿಯರಿಗೆ ಎಷ್ಟು ಧೈರ್ಯ ಗೊತ್ತಾ?"

ಅಂದರೆ ನಾನು ಹೂದಾನಿ. ಒಂಬತ್ತು ವಾರ ಕೊನೆಯ ಸ್ವರದಲ್ಲಿ ಏನೇನು ಬೇಡಿಕೊಂಡಿದ್ದೆ! ದೇವರು ಕೇಳುವುದು ಸಭೆಯ ದೊಡ್ಡ ಸ್ಪೀಕರಿನಿಂದಲೋ, ನನ್ನ ಕಿವಿಯ ಇಯರ್‌ಫೋನಿನಿಂದಲೋ? ಇದನ್ನು ಯಾವ ಪಾದ್ರಿಗೂ ಕೇಳುವ ಹಾಗಿಲ್ಲ.

"ಅಂದ ಹಾಗೆ ಬ್ರದರ್, ಈಸ್ಟರ್‌ಗೆ ಮೂರು ಹೊಸ ಹಾಡು ಇದೆ. ವೇದಿಕೆ ಮೇಲೆ ನೀವು ಲೈವ್ ಹೊಡೀತೀರಿ, ಅಂದ್ರೆ... ನಿಮ್ಮ ಕಿವೀಲಿ. ಮೂರನ್ನೂ ರೆಕಾರ್ಡ್ ಮಾಡಿ ಕಳಿಸ್ತೀರಾ?"

"ಕಳಿಸ್ತೀನಿ," ಎಂದೆ.

ಶನಿವಾರ ಕೋಟುಗಳನ್ನು ತೂಗುಹಾಕಿ, ಮೈಕ್ ಇಟ್ಟು, ರೆಕಾರ್ಡ್ ಗುಂಡಿ ಒತ್ತಿ, ಕೈ ಕಟ್ಟಿ ಕೂತೆ. ಒಂದೊಂದು ಹಾಡಿಗೂ ಎಷ್ಟು ನಿಮಿಷವೋ ಅಷ್ಟು ಹೊತ್ತು. ಬಂದ ಫೈಲಿನ ಹೆಸರು ಸರಿಯಿದೆಯೇ, ಉದ್ದ ಸರಿಯಿದೆಯೇ ಎಂದಷ್ಟೇ ಅವರು ನೋಡುತ್ತಾರೆ. ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ನನ್ನ ಮೇಲೆ ಅಷ್ಟು ನಂಬಿಕೆ.

ಎರಡನೆಯ ಹಾಡಿನ ಮೌನದ ನಡುವೆ ರೋಂಡಾ ಬಾಗಿಲು ತೆರೆದಳು, ಕೈಯಲ್ಲಿ ತೊಳೆದ ಕ್ಯಾನ್ವಾಸ್ ಶೂ.

"ನುಡಿಸ್ತಾ ಇಲ್ವಲ್ಲ, ಹಾಕ್ಲಾ?"

"ಹಾಕು."

ಡ್ರೈಯರಿನೊಳಗೆ ಶೂಗಳು ಧಡ್ ಧಡ್ ಎಂದು ಉರುಳತೊಡಗಿದವು. ಅವಳು ಅಲ್ಲೇ ನಿಂತು ನನ್ನ ಮುಖ ನೋಡಿದಳು. ವಿಷಯವೆಲ್ಲ ಅವಳಿಗೆ ಹೇಳಿಯಾಗಿತ್ತು.

"ಚರ್ಚಿಗೆ ಮೋಸ ಮಾಡ್ತಿದ್ದೀನಾ?" ಎಂದು ಕೇಳಿದೆ.

"ಯಾರು ಯಾರಿಗೆ ಮಾಡಿದ್ದು ಅಂತ ಆಮೇಲೆ ನೋಡೋಣ. ಶೂ ಒಣಗ್ಲಿ."

ಆ ಸದ್ದನ್ನು ಅಳಿಸಬಹುದಿತ್ತು. ಅಳಿಸಲಿಲ್ಲ.

ಈಸ್ಟರ್ ದಿನ ಹೊರಗೆ ಕಾರು ನಿಲ್ಲಿಸಲು ಜಾಗವಿಲ್ಲ, ಒಳಗೆ ಹೊಗೆ ಎಂದಿಗಿಂತ ಎರಡರಷ್ಟು. ಮೊದಲ ಹಾಡು ಶುರುವಾಯಿತು. ಬೇಸ್ ಇಲ್ಲ. ಈಗ ಎಲ್ಲರೂ ತಿರುಗಿ ನೋಡುತ್ತಾರೆ, ನೀಲ್ ಗಾಬರಿಯಿಂದ ನನ್ನ ಬೇಸಿನ ಗುಂಡಿಯನ್ನು ಮೇಲೆ ತಳ್ಳುತ್ತಾನೆ ಎಂದುಕೊಂಡೆ. ಯಾರೂ ನೋಡಲಿಲ್ಲ. ಆರುನೂರು ಜನ ಹಾಡಿದರು. ನೀಲ್ ಹೊಗೆಯ ಯಂತ್ರ ಸರಿಪಡಿಸುತ್ತಿದ್ದ. ಪಾದ್ರಿಗಳು ಕಣ್ಣು ಮುಚ್ಚಿ ತೂಗುತ್ತಿದ್ದರು. ಮೂವತ್ತೊಂದು ವರ್ಷದ ಕೆಲಸ ಇಲ್ಲದಾದರೂ ಕೋಣೆಯಲ್ಲಿ ಒಂದು ಕುರ್ಚಿಯೂ ಅಲುಗಲಿಲ್ಲ. ಅಷ್ಟು ಅವಮಾನ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಎರಡನೆಯ ಹಾಡಿನ ನಡುವೆ ಶೂಗಳು ಬಂದವು. ಸಬ್‌ವೂಫರಿನಿಂದ ಧಡ್ ಧಡ್, ಧಡ್ ಧಡ್, ತಾಳಕ್ಕೂ ಹಾಡಿಗೂ ಸಂಬಂಧವಿಲ್ಲ. ಕೋಲ್ಟನ್ ಮುಷ್ಟಿ ಎತ್ತಿ "ಕಮಾನ್!" ಎಂದು ಕೂಗಿದ. ಸಭೆ ಇನ್ನಷ್ಟು ಹುರುಪಿನಿಂದ ಚಪ್ಪಾಳೆ ತಟ್ಟಿತು. ನನ್ನ ಹೆಂಡತಿಯ ಕ್ಯಾನ್ವಾಸ್ ಶೂಗಳಿಗೆ ಸಿಕ್ಕಿದ ಮರ್ಯಾದೆ ನನಗೆ ಯಾವತ್ತೂ ಸಿಕ್ಕಿರಲಿಲ್ಲ.

ಇರ್ಮಾ ಅಮ್ಮ ಮಾತ್ರ ಕಾಲುಗಳನ್ನು ಪೆಟ್ಟಿಗೆಯಿಂದ ಹಿಂದೆಗೆದುಕೊಂಡರು. ಮತ್ತೆ ಒತ್ತಿ ನೋಡಿದರು. ಎದ್ದರು. ಹಾಡು ಮುಗಿದು, ಕೋಲ್ಟನ್ ತಲೆ ತಗ್ಗಿಸಿ "ಒಂದು ನಿಮಿಷ ಮೌನವಾಗಿ ದೇವ್ರ ಮುಂದೆ ನಿಲ್ಲೋಣ" ಎಂದ. ಆರುನೂರು ಜನ ಉಸಿರು ಬಿಗಿಹಿಡಿದ ಆ ಮೌನದಲ್ಲಿ ಅವರು ಬರಿಗಾಲಿನಲ್ಲೇ ನಡು ಹಾದಿಯುದ್ದಕ್ಕೂ ನಡೆದು ಮಿಕ್ಸರ್ ಮುಂದೆ ನಿಂತರು.

"ನೀಲ್! ಯಾರದಪ್ಪಾ ಅದು, ಡ್ರೈಯರಲ್ಲಿ ಶೂ? ಈಸ್ಟರ್ ದಿನ ಚರ್ಚಲ್ಲಿ ಬಟ್ಟೆ ಒಣಗಿಸ್ತಿದ್ದೀರಾ?"

ಯಾರೋ ಕಿಸಕ್ಕೆಂದರು. ಕೋಲ್ಟನ್ ಟೋಪಿ ಸರಿಮಾಡಿಕೊಂಡ.

"ನನಗೆ ಲೈಲ್ ಬೇಕು. ಅಲ್ಲಿ ನಿಂತಿದ್ದಾನೆ, ನನ್ನ ಕಾಲಿಗೆ ಬರ್ತಿಲ್ಲ. ಅವನನ್ನ ಆನ್ ಮಾಡು!"

ನೀಲ್ ಕೆಂಪಗಾಗಿ ರೆಕಾರ್ಡಿಂಗಿನ ಗುಂಡಿ ಕೆಳಗಿಳಿಸಿ, ನನ್ನ ಗುಂಡಿ ಮೇಲೆ ತಳ್ಳಿದ. ಇರ್ಮಾ ಅಮ್ಮ ಅದನ್ನು ತಳ್ಳಿದ್ದನ್ನು ಕಣ್ಣಾರೆ ನೋಡಿ, ವಾಪಸು ನಡೆದು ಬಂದು, ಕೂತು, ಪಾದ ಒತ್ತಿಟ್ಟು, ನನಗೆ ಶುರು ಮಾಡೆಂದು ತಲೆಯಾಡಿಸಿದರು.

ಕೊನೆಯ ಹಾಡು. ಎರಡನೆಯ ಚರಣದಲ್ಲಿ ಬೆರಳು ಜಾರಿ ಘೋರವಾದ ತಪ್ಪು ಸ್ವರ ಇಡೀ ಕಾರ್ಪೆಟ್ ಅಂಗಡಿಯಲ್ಲಿ ಮೊಳಗಿತು. ಕೋಲ್ಟನ್ ಕಣ್ಣು ತೆರೆದುಬಿಟ್ಟ. ನಾನು ನಿಲ್ಲಿಸಲಿಲ್ಲ. ಕೊನೆಯ ಸ್ವರವನ್ನು ಎಳೆದೆ, ಪಾದ್ರಿಗಳು ಆಮೆನ್ ಅಂದರು, ಆಮೇಲೂ ಎಳೆದೆ. ಒಂಬತ್ತು ವಾರದ ಬಾಕಿ ಅದರಲ್ಲಿತ್ತು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಎರಡೂ ಕೈ ಕೆಲಸದಲ್ಲಿದ್ದುದರಿಂದ ಒರೆಸಿಕೊಳ್ಳಲಾಗಲಿಲ್ಲ.

ಇಳಿದು ಹೋಗಿ ಇರ್ಮಾ ಅಮ್ಮನ ಎದುರು ಮಂಡಿಯೂರಿ ಬೂಟು ಎತ್ತಿಕೊಟ್ಟೆ. ಅವರು ಒಂದು ಪಾದವನ್ನು ಇನ್ನೂ ಪೆಟ್ಟಿಗೆಯಿಂದ ತೆಗೆದಿರಲಿಲ್ಲ.

"ಎರಡನೇ ಚರಣದಲ್ಲಿ ತಪ್ಪು ಹೊಡೆದೆ," ಎಂದರು, ಇಡೀ ಚರ್ಚಿಗೆ ಕೇಳುವ ಹಾಗೆ. "ಆಗ ಗೊತ್ತಾಯ್ತು ನೋಡು, ನೀನೇ ಅಂತ."